ಯಂತ್ರವು ಬರೆಯುವ ಚಿತ್ರಗಳು

ಹೇಳಿದ ಮಾತಿಗೆ ಗಳಿಗೆಯೊಳಗೆ ಚಿತ್ರ ಬರೆದುಕೊಡುವ ಯಂತ್ರಗಳು ಈಗ ನಮ್ಮ ಮಕ್ಕಳ ಕೈಗೂ ಬಂದಿರುವುವು. ಇವುಗಳಿಗೆ ಸ್ವಂತ ಕಲ್ಪನೆಯೆಂಬುದಿಲ್ಲ. ಅಂತರ್ಜಾಲದಿಂದ ಒಟ್ಟುಗೂಡಿಸಿದ ಕೋಟಿಗಟ್ಟಲೆ ಚಿತ್ರಗಳನ್ನೂ ಅವುಗಳೊಡನಿರುವ ಬರಹಗಳನ್ನೂ ನೋಡಿ, ಯಾವ ಮಾತಿಗೆ ಯಾವ ರೂಪವು ಹೆಚ್ಚಾಗಿ ಜೊತೆಗೂಡಿರುವುದೋ ಅದನ್ನೇ ಕಲಿತು ಒಪ್ಪಿಸುವುವು. ಆದುದರಿಂದ ಲೋಕದ ಪಕ್ಷಪಾತವೂ ಅವಕ್ಕೆ ಪಾಠವಾಗುವುದು. ಕೆಲವೊಮ್ಮೆ ಇದ್ದುದಕ್ಕಿಂತಲೂ ಬೆಳೆಯುವುದು.

2023ರಲ್ಲಿ ಅಮೆರಿಕದ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯವರು ಸ್ಟೇಬಲ್ ಡಿಫ್ಯೂಷನ್ ಎಂಬ ಯಂತ್ರವನ್ನು ಪರೀಕ್ಷಿಸಿದರು. ‘ಜಡ್ಜ್’ ಎಂಬ ಪದಕ್ಕೆ (ಇಂಗ್ಲಿಷಿನಲ್ಲಿ ಅದಕ್ಕೆ ಲಿಂಗಭೇದವಿಲ್ಲವಷ್ಟೆ) ಬಂದ ಚಿತ್ರಗಳಲ್ಲಿ ಸ್ತ್ರೀಯರು ನೂರಕ್ಕೆ ಸುಮಾರು 3. ಆ ದೇಶದ ನಿಜವಾದ ನ್ಯಾಯಾಧೀಶರಲ್ಲಿಯೋ ನೂರಕ್ಕೆ 34! ತಿರುವಾಂಕೂರಿನಲ್ಲಿ ಶ್ರೀಮತಿ ಅನ್ನಾ ಚಾಂಡಿಯವರು 1937ರಲ್ಲಿಯೇ ಮುನ್ಸೀಫರಾದುದನ್ನು ನೆನೆದರೆ ನಗು ಬಾರದಿರದು. ಆದರೆ ಇಂತಹ ಚಿತ್ರಗಳನ್ನೇ ನಮ್ಮ ಹುಡುಗಿಯರು ಪ್ರಬಂಧಗಳಿಗೆ ಅಂಟಿಸಿ ತರುವಾಗ ನಗುವುದು ಕಷ್ಟ. ಚಿತ್ರದಲ್ಲಿ ಯಾರು ಇಲ್ಲವೆಂದು ಮನೆಯಲ್ಲಿ ಒಮ್ಮೆ ಕೇಳಿರೆಂದು ಪೋಷಕರಲ್ಲಿ ನಮ್ಮ ವಿಜ್ಞಾಪನೆ.

ತಿದ್ದುವ ಕೆಲಸವೂ ಸುಲಭವಲ್ಲ. ಗೂಗಲ್ಲಿನ ಜೆಮಿನಿಯು ಎಲ್ಲ ವರ್ಣದವರನ್ನೂ ತೋರಿಸಹೋಗಿ, 1943ರ ಜರ್ಮನ್ ಸೈನಿಕರಲ್ಲಿಯೂ ಕಪ್ಪುವರ್ಣದವರನ್ನು ಬರೆಯಿತು. 2024ರ ಫೆಬ್ರವರಿಯಲ್ಲಿ ಮನುಷ್ಯರ ಚಿತ್ರಗಳನ್ನೇ ಆ ಸಂಸ್ಥೆಯವರು ಕೆಲಕಾಲ ನಿಲ್ಲಿಸಬೇಕಾಯಿತು.