ಕಪಾಟಿನ ಪುಸ್ತಕವೂ ಪರದೆಯ ಪುಸ್ತಕವೂ

ಮುಂಬಯಿಯ ಉಪನಗರಗಳಲ್ಲಿ ಹಳೆಯ ಕಟ್ಟಡಗಳು ಪುನರ್ನಿರ್ಮಾಣಕ್ಕೆ ಹೋಗುವುದು ಈಗ ಸಾಮಾನ್ಯ ಸಂಗತಿ. ನಮ್ಮ ಕಟ್ಟಡದ ಸರದಿ ಬಂದಾಗ, ಬಾಡಿಗೆಯ ಮನೆಗೆ ಏನನ್ನು ಒಯ್ಯುವುದು, ಏನನ್ನು ಬಿಡುವುದು ಎಂಬ ಲೆಕ್ಕಾಚಾರ ಆರಂಭವಾಯಿತು. ತೀರ್ಥರೂಪರು ಸಂಬಳದ ದಿನ ಒಂದೊಂದಾಗಿ ಕೊಂಡು ಸೇರಿಸಿದ ಎರಡು ಕಪಾಟು ಕನ್ನಡ ಪುಸ್ತಕಗಳ ಮುಂದೆ ಆ ಲೆಕ್ಕ ನಿಂತುಹೋಯಿತು. “ಅಪ್ಪಾ, ಇವೆಲ್ಲ ಮೊಬೈಲಿನಲ್ಲೇ ಸಿಗುತ್ತವಲ್ಲ, ಹೊತ್ತುಕೊಂಡು ಹೋಗುವುದೇಕೆ?” ಎಂದು ಮಗಳು ಕೇಳಿದಳು. ಪ್ರಶ್ನೆ ಸಹಜವಾದುದೇ. ಉತ್ತರ ಮಾತ್ರ ಅಷ್ಟು ಸುಲಭದ್ದಲ್ಲ.

ಓದಿನ ಮಾಧ್ಯಮ ಬದಲಾಗುವುದು ಕನ್ನಡಕ್ಕೆ ಹೊಸ ಅನುಭವವೇನಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಸಾವಿರ ವರ್ಷ ಹಸ್ತಪ್ರತಿಯಾಗಿಯೇ ಉಳಿದು, ಕೆ. ಬಿ. ಪಾಠಕರ ಸಂಪಾದಕತ್ವದಲ್ಲಿ 1898ರಲ್ಲಿ ಅಚ್ಚಾಯಿತು. ಮುದ್ರಣ ಬಂದ ಬಳಿಕ ಓಲೆಗರಿಯ ಮೇಲೆ ಕೊರೆದು ಬರೆಯುವವರು ಕ್ರಮೇಣ ಇಲ್ಲವಾದರು. ಆದರೆ ಕಾವ್ಯ ಉಳಿಯಿತು. ಹಳೆಯ ಪ್ರತಿಗಳನ್ನು ಹುಡುಕಿ ಅಚ್ಚಿಗೆ ದಾಟಿಸಿದ ವಿದ್ವಾಂಸರಿದ್ದುದರಿಂದ ಅದು ಉಳಿಯಿತು. ದಾಟದ ಎಷ್ಟೋ ಕೃತಿಗಳು ಗೆದ್ದಲಿನ ಪಾಲಾದವು. ಆದುದರಿಂದ ಮುದ್ರಿತ ಪುಸ್ತಕ ಅಳಿಯುವುದೇ ಎಂಬುದಕ್ಕಿಂತ, ಯಾವುದು ಹೊಸ ಮಾಧ್ಯಮಕ್ಕೆ ದಾಟುತ್ತದೆ, ಯಾವುದು ದಾಟುವುದಿಲ್ಲ ಎಂಬುದೇ ಹೆಚ್ಚು ಮುಖ್ಯವಾದ ಪ್ರಶ್ನೆ.

ನಾನು ಬ್ಯಾಂಕಿಗೆ ಸೇರಿದಾಗ ಎರಡು ಕೈಗಳಿಂದ ಎತ್ತಬೇಕಾದಂಥ ಲೆಡ್ಜರುಗಳಿದ್ದವು. ಇಂದು ಒಂದೂ ಇಲ್ಲ, ಅವುಗಳಿಗಾಗಿ ಯಾರೂ ದುಃಖಿಸಲಿಲ್ಲ. ಮಾಹಿತಿಯನ್ನು ಇರಿಸುವುದು, ಬೇಕಾದಾಗ ಹುಡುಕಿ ಕೊಡುವುದು, ಇಷ್ಟೇ ಲೆಡ್ಜರಿನ ಕೆಲಸ. ಅದರಲ್ಲಿ ಗಣಕಯಂತ್ರಕ್ಕೆ ಸಾಟಿಯಿಲ್ಲ. ಇಂಥದೇ ಕೆಲಸ ಮಾಡುವ ಪುಸ್ತಕಗಳು ಮೊದಲು ಪರದೆಗೆ ಸರಿದಿರುವುದು ಸ್ವಾಭಾವಿಕ. ‘ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ’ ತನ್ನ ಮುದ್ರಿತ ಆವೃತ್ತಿಯನ್ನು ನಿಲ್ಲಿಸುವುದಾಗಿ 2012ರಲ್ಲಿ ಪ್ರಕಟಿಸಿತು. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕಗಳ ಕಾಲ ಸಂಗ್ರಹಿಸಿದ, ಒಂದೂವರೆ ಲಕ್ಷಕ್ಕೂ ಮಿಕ್ಕಿದ ಪದಗಳ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಅಂತರಜಾಲದ ಮೂಲಕವೇ ಎಲ್ಲರಿಗೂ ಮುಕ್ತವಾಯಿತು. ಸಮಗ್ರ ವಚನ ಸಂಪುಟಗಳು ಹದಿನೈದು. ಯಾವ ಪದ ಯಾವ ಶರಣರ ಯಾವ ವಚನದಲ್ಲಿದೆ ಎಂದು ಆ ಸಂಪುಟಗಳಲ್ಲಿ ಹುಡುಕಲು ದಿನಗಳೇ ಬೇಕು. ‘ವಚನ ಸಂಚಯ’ ಜಾಲತಾಣದಲ್ಲಿ ಅದು ಕ್ಷಣದ ಕೆಲಸ.

ಆದರೆ ಒಂದು ಪದವನ್ನು ಹುಡುಕುವುದು ಬೇರೆ, ಒಂದು ಅಧ್ಯಾಯವನ್ನು ಓದಿ ಮನನ ಮಾಡುವುದು ಬೇರೆ. ಕಾಗದದ ಓದನ್ನೂ ಪರದೆಯ ಓದನ್ನೂ ಹೋಲಿಸಿದ 54 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ಒಂದು ಸಂಶೋಧನೆ 2018ರಲ್ಲಿ ಪ್ರಕಟವಾಯಿತು. ಮಾಹಿತಿಪೂರ್ಣ ಬರಹಗಳನ್ನು, ವಿಶೇಷವಾಗಿ ನಿಗದಿತ ಅವಧಿಯೊಳಗೆ ಓದುವಾಗ, ಕಾಗದದ ಮೇಲೆ ಓದಿದವರ ಗ್ರಹಿಕೆ ಹೆಚ್ಚು ಉತ್ತಮವಾಗಿತ್ತು. ಕಥನವನ್ನಷ್ಟೇ ಓದುವಾಗ ಅಂಥ ವ್ಯತ್ಯಾಸ ಕಂಡುಬರಲಿಲ್ಲ. ಕಾದಂಬರಿಗೆ ಕಾಗದವೇ ಬೇಕು, ಪಠ್ಯಕ್ಕೆ ಪರದೆ ಸಾಕು ಎಂದು ನಾವು ತಿಳಿದಿರುವುದಕ್ಕೆ ಇದು ತದ್ವಿರುದ್ಧ. ಪರೀಕ್ಷೆಗೆ ಮೊಬೈಲಿನಲ್ಲೇ ಓದುವ ಮಕ್ಕಳ ತಂದೆತಾಯಂದಿರು ಇದನ್ನು ಗಮನಿಸಬೇಕು.

ಕನ್ನಡದ ಮಟ್ಟಿಗೆ ಇನ್ನೊಂದು ತೊಡಕಿದೆ. 1991ರಲ್ಲಿ ಹೊರಬಂದ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ಥಾನವಿದ್ದರೂ, ನಮ್ಮ ಅಕ್ಷರಜೋಡಣೆಯಲ್ಲಿ ಅದು ಬಳಕೆಗೆ ಬಂದದ್ದು ಬಹಳ ತಡವಾಗಿ. ಅದುವರೆಗಿನ ತಂತ್ರಾಂಶಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳಿಗೇ ಕನ್ನಡ ಅಕ್ಷರಗಳ ಚಿತ್ರವನ್ನು ತೊಡಿಸಲಾಗುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಕಡತ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಅದನ್ನು ಇ-ಪುಸ್ತಕವಾಗಿಸಲು ಪರಿವರ್ತಿಸಿ, ಮತ್ತೆ ಕರಡು ತಿದ್ದಬೇಕು. ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಏರಿಸಿದ ಪ್ರತಿಗಳಾದರೋ ಬಹುಮಟ್ಟಿಗೆ ಪುಟಗಳ ಛಾಯಾಚಿತ್ರಗಳೇ. ಅಮೆಜಾನ್ ಸಂಸ್ಥೆಯು ತನ್ನ ಕಿಂಡಲ್ ಮಳಿಗೆಯನ್ನು 2016ರಲ್ಲಿ ಭಾರತೀಯ ಭಾಷೆಗಳಿಗೆ ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡವಿರಲಿಲ್ಲ. ಆ ಕೊರತೆಯನ್ನು ತುಂಬಲು ಕನ್ನಡಿಗರೇ ಮುಂದಾಗಬೇಕಾಯಿತು. 2020ರಲ್ಲಿ ಆರಂಭವಾದ ‘ಮೈಲ್ಯಾಂಗ್’ ಅಂಥ ಒಂದು ಪ್ರಯತ್ನ.

ಕೃತಿಸ್ವಾಮ್ಯದ ವಿಷಯವೂ ಇದೆ. ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳವರೆಗೆ ಸ್ವಾಮ್ಯ ಉಳಿಯುತ್ತದೆ. 1963ರಲ್ಲಿ ನಿಧನರಾದ ತ್ರಿವೇಣಿಯವರ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರಿಂದ ಸಾರ್ವಜನಿಕವಾಗಿವೆ. 1981ರಲ್ಲಿ ಅಗಲಿದ ಬೇಂದ್ರೆಯವರ ಕೃತಿಗಳಿಗೆ 2041ರ ಕೊನೆಯವರೆಗೂ ರಕ್ಷಣೆಯಿದೆ. ಖ್ಯಾತನಾಮರ ಪುಸ್ತಕಗಳು ಮರುಮುದ್ರಣಗೊಳ್ಳುತ್ತಿರುತ್ತವೆ. ಸ್ವಾಮ್ಯ ಉಳಿದಿದ್ದೂ ಮರುಮುದ್ರಣ ಕಾಣದ ಸಾಮಾನ್ಯ ಲೇಖಕರ ಪುಸ್ತಕ ಅಂಗಡಿಯಲ್ಲೂ ಇಲ್ಲ, ಅಂತರಜಾಲದಲ್ಲೂ ಇಲ್ಲ.

ಇನ್ನು ಒಡೆತನದ ಪ್ರಶ್ನೆ. ಇ-ಪುಸ್ತಕಕ್ಕೆ ಹಣ ಕೊಟ್ಟಾಗ ನಮಗೆ ದೊರೆಯುವುದು ಸಾಮಾನ್ಯವಾಗಿ ಓದುವ ಪರವಾನಗಿ ಮಾತ್ರ. ಸಾಲ ವಿಭಾಗದಲ್ಲಿ ದುಡಿದ ನನಗೆ ಇದು ಸ್ವಂತ ಮನೆಗೂ ಬಾಡಿಗೆ ಕರಾರಿಗೂ ಇರುವ ಅಂತರದಂತೆ ಕಾಣುತ್ತದೆ. 2009ರಲ್ಲಿ ಅಮೆಜಾನ್, ಜಾರ್ಜ್ ಆರ್ವೆಲ್‌ರ ಎರಡು ಕಾದಂಬರಿಗಳ ಅನಧಿಕೃತ ಪ್ರತಿಗಳನ್ನು ಕೊಂಡವರ ಕಿಂಡಲ್‌ಗಳಿಂದಲೇ ಅಳಿಸಿಹಾಕಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕ ಮಳಿಗೆಯನ್ನೇ ಮುಚ್ಚಿತು. ಎರಡೂ ಸಲ ಹಣ ಹಿಂದಿರುಗಿತು, ಪುಸ್ತಕ ಹೋಯಿತು. ಕಪಾಟಿನ ಪುಸ್ತಕವನ್ನು ಹೀಗೆ ಯಾರೂ ಹಿಂತೆಗೆದುಕೊಳ್ಳಲಾರರು. ಅದನ್ನು ನೆರೆಯವರಿಗೆ ಕೊಡಬಹುದು, ಮೊಮ್ಮಕ್ಕಳಿಗೆ ಬಿಟ್ಟುಹೋಗಬಹುದು.

ಹಾಗೆಂದು ಪರದೆಯನ್ನು ದೂರುವುದು ಸಲ್ಲದು. ಕಣ್ಣು ಮಂಜಾದ ನನ್ನ ತಾಯಿ ಅಕ್ಷರಗಳನ್ನು ದೊಡ್ಡದಾಗಿಸಿಕೊಂಡು ಮತ್ತೆ ಓದತೊಡಗಿದ್ದಾರೆ. ಮುಂಬಯಿಯ ಮನೆಗಳಲ್ಲಿ ಪುಸ್ತಕಕ್ಕಿರುವ ಜಾಗ ಎಷ್ಟೆಂಬುದೂ ಎಲ್ಲರಿಗೂ ತಿಳಿದದ್ದೇ. ಕನ್ನಡ ಮಾತನಾಡಬಲ್ಲ, ಆದರೆ ಕನ್ನಡ ಓದಲು ತಡವರಿಸುವ ನನ್ನ ಮಗಳಿಗೆ ಕೇಳುಪುಸ್ತಕಗಳು ಕಾದಂಬರಿಯ ಬಾಗಿಲನ್ನು ತೆರೆದಿವೆ. ಕಿವಿಯಷ್ಟೇ ಸಾಕೆನಿಸಿ ಲಿಪಿ ಮರೆತೀತು ಎಂಬ ಆತಂಕ ನನ್ನದು.

ಕೊನೆಗೆ ನಾವಿಬ್ಬರೂ ಕುಳಿತು ಒಂದೊಂದೇ ಪುಸ್ತಕವನ್ನು ಅಂತರಜಾಲದಲ್ಲಿ ಹುಡುಕಿ ಮೂರು ರಾಶಿ ಮಾಡಿದೆವು. ಅಂಗಡಿಯಲ್ಲೋ ಇ-ಪುಸ್ತಕವಾಗಿಯೋ ಸುಲಭವಾಗಿ ದೊರೆಯುವವು ಮೊದಲನೆಯ ರಾಶಿ, ಸ್ಕ್ಯಾನ್ ರೂಪದಲ್ಲಷ್ಟೇ ಇರುವವು ಎರಡನೆಯದು, ಎಲ್ಲಿಯೂ ಕಾಣದವು ಮೂರನೆಯದು. ನಾವೆಣಿಸಿದಂತೆ ಮೂರನೆಯದು ಚಿಕ್ಕದಾಗಿರಲಿಲ್ಲ. ಸಣ್ಣ ಊರುಗಳ ಪ್ರಕಾಶನಗಳ ಕಥಾಸಂಕಲನಗಳು, ಮುಂಬಯಿಯ ಸಂಘಗಳ ಸ್ಮರಣ ಸಂಚಿಕೆಗಳು, ರಾತ್ರಿಶಾಲೆಗಳಲ್ಲಿ ಓದಿ ಬೆಳೆದವರ ನೆನಪುಗಳೆಲ್ಲ ಅದರಲ್ಲಿದ್ದವು. ಮೊದಲ ರಾಶಿಯನ್ನು ಒಂದು ವಾಚನಾಲಯಕ್ಕೆ ಕೊಟ್ಟೆವು. ಉಳಿದೆರಡು ನಮ್ಮೊಡನೆ ಬಾಡಿಗೆಯ ಮನೆಗೆ ಬಂದಿವೆ. ಮೂರನೆಯ ರಾಶಿಯ ಬೆನ್ನುಪಟ್ಟಿಗಳನ್ನು ಮಗಳು ಅಕ್ಷರ ಕೂಡಿಸಿ ಓದಿ, ಹೆಸರುಗಳ ಪಟ್ಟಿಯೊಂದನ್ನು ಬರೆಯುತ್ತಿದ್ದಾಳೆ.

ಪರದೆ ಮತ್ತು ಕಾಗದ ಬಹುಕಾಲ ಜೊತೆಯಲ್ಲೇ ಇರುತ್ತವೆಂಬುದು ನನ್ನ ನಂಬಿಕೆ. ಆದರೆ ಓಲೆಗರಿಗೆ ಒದಗಿದ ಗತಿ ನಮ್ಮ ಮನೆಯ ಪುಸ್ತಕಗಳಿಗೆ ಬರುವುದೂ ಬಾರದಿರುವುದೂ ನಮ್ಮ ಕೈಯಲ್ಲಿದೆ. ಮನೆ ಬದಲಿಸುವ ಬಂಧುಗಳಲ್ಲಿ ಒಂದೇ ವಿನಂತಿ: ಹಿರಿಯರ ಪುಸ್ತಕಗಳನ್ನು ರದ್ದಿಯವನ ತಕ್ಕಡಿಗೆ ಹಾಕುವ ಮುನ್ನ, ಅವುಗಳಲ್ಲಿ ಬೇರೆಲ್ಲಿಯೂ ದೊರೆಯದ ಪ್ರತಿಯೊಂದು ಇದೆಯೇ ಎಂದು ದಯವಿಟ್ಟು ಒಮ್ಮೆ ನೋಡಿ.