ಬಿಟ್ಟಿದೇವ: ಒಂದು ವಿರಳ ವ್ಯಕ್ತಿನಾಮದ ನಿಷ್ಪತ್ತಿ

ಹೊಯ್ಸಳ ದೊರೆ ವಿಷ್ಣುವರ್ಧನನ ಮತ್ತೊಂದು ಹೆಸರು ಬಿಟ್ಟಿದೇವ ಅಥವಾ ಬಿಟ್ಟಿಗ. ಜೈನನಾಗಿದ್ದ ಬಿಟ್ಟಿದೇವನು ರಾಮಾನುಜಾಚಾರ್ಯರಿಂದ ವೈಷ್ಣವ ದೀಕ್ಷೆ ಪಡೆದ ಬಳಿಕವೇ ವಿಷ್ಣುವರ್ಧನನೆನಿಸಿದನೆಂಬುದು ಐತಿಹ್ಯ. ಭಾಷಿಕವಾಗಿ ಪರಿಶೀಲಿಸಿದರೆ ಇವೆರಡೂ ಒಂದೇ ಮೂಲದವು. ಸಂಸ್ಕೃತದ ‘ವಿಷ್ಣು’ ಶಬ್ದವು ‘ವಿಟ್ಟು’ ಎಂದಾಗಿ, ವಕಾರವು ಬಕಾರವಾಗುವ ಕನ್ನಡದ ರೂಢಿಯಂತೆ ‘ಬಿಟ್ಟಿ’ಯಾಗಿದೆ. ಆದ್ದರಿಂದ ಹೆಸರಿನ ವ್ಯತ್ಯಾಸವನ್ನೇ ಮತಾಂತರಕ್ಕೆ ಸಾಕ್ಷಿಯಾಗಿ ಗ್ರಹಿಸುವುದು ಸಮಂಜಸವಲ್ಲ. ಬೇಲೂರಿನಲ್ಲಿ 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದ ಈ ಅರಸನ ಆಳ್ವಿಕೆಯಲ್ಲಿಯೇ ಬಿಟ್ಟಿಯಣ್ಣನೆಂಬ ಜೈನ ದಂಡನಾಯಕನು ರಾಜಧಾನಿ ದೋರಸಮುದ್ರದಲ್ಲಿ, ಎಂದರೆ ಇಂದಿನ ಹಳೇಬೀಡಿನಲ್ಲಿ, ಬಸದಿಯನ್ನು ಕಟ್ಟಿಸಿದನು. ಹೆಸರು ಮತದ ಎಲ್ಲೆಯನ್ನು ಮೀರಿತ್ತೆಂಬುದಕ್ಕೆ ಇದು ನಿದರ್ಶನ. ಇಂದು ಈ ಹೆಸರು ಬಹು ವಿರಳ. ‘ವಿಷ್ಟಿ’ಯಿಂದ ಹುಟ್ಟಿದ, ಕೂಲಿಯಿಲ್ಲದ ದುಡಿಮೆಯನ್ನು ಸೂಚಿಸುವ ಇನ್ನೊಂದು ‘ಬಿಟ್ಟಿ’ಯೇ ಜನಬಳಕೆಯಲ್ಲಿ ಉಳಿದಿರುವುದು ಇದಕ್ಕೆ ಒಂದು ಕಾರಣವಾಗಿರಬಹುದು.