ಹಳೆಯ ಟ್ರ್ಯಾಕ್ಟರುಗಳ ಉಷ್ಣಮಾಪಕವೂ ಅದರ ಚಂಚಲವಾದ ಮುಳ್ಳೂ

ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಕೊಂಡ ಟ್ರ್ಯಾಕ್ಟರುಗಳು ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಉಳುಮೆ, ಒಕ್ಕಣೆ, ಸಾಗಣೆಗಳಲ್ಲಿ ದುಡಿಯುತ್ತಲಿವೆ. ಇಂತಹ ಯಂತ್ರಗಳಲ್ಲಿ ಅನೇಕ ವೇಳೆ ಮೊದಲು ಕೆಡುವುದು ಇಂಜಿನಲ್ಲ. ಇಂಜಿನಿನ ಸ್ಥಿತಿಯನ್ನು ಚಾಲಕನಿಗೆ ತಿಳಿಸತಕ್ಕ ಸಣ್ಣ ಮಾಪಕಗಳು. ಉಷ್ಣಮಾಪಕದ ಮುಳ್ಳು ಒಮ್ಮೆ ಕೆಂಪು ಗೆರೆಗೆ ಏರಿ, ಮರುಕ್ಷಣ ತಣ್ಣನೆಯ ಕಡೆಗೆ ಬಿದ್ದು, ಮತ್ತೆ ನಡುವೆ ಓಲಾಡತೊಡಗಿದರೆ ರೈತರು ಸಾಮಾನ್ಯವಾಗಿ ಎರಡು ದಾರಿಗಳಲ್ಲೊಂದನ್ನು ಹಿಡಿಯುವರು. ಕೆಲವರು ಬಿತ್ತನೆಯ ಹದ ಮೀರುತ್ತಿರುವಾಗಲೇ ಗಾಡಿಯನ್ನು ರಿಪೇರಿಗೆ ಒಯ್ದು ರೇಡಿಯೇಟರು, ನೀರಿನ ಪಂಪು, ಹೆಡ್ಡು ಎಂದು ಒಂದೊಂದನ್ನಾಗಿ ಬಿಚ್ಚಿಸುವರು. ದೋಷವು ಒಂದು ತಂತಿಯಲ್ಲಿದ್ದುದು ಹಣ ವೆಚ್ಚವಾದ ಮೇಲೆ ಗೊತ್ತಾಗುವುದು. ಮತ್ತೆ ಕೆಲವರು ಈ ಮೀಟರು ಸುಳ್ಳು ಹೇಳುತ್ತದೆಂದು ಅದನ್ನು ನೋಡುವುದನ್ನೇ ಬಿಟ್ಟುಬಿಡುವರು. ಅದು ನಿಜವನ್ನು ಹೇಳಿದ ದಿನ ಪಿಸ್ಟನ್ನು ಕಚ್ಚಿಕೊಂಡು ಇಂಜಿನು ನಿಂತುಹೋಗುವುದು. ಎರಡನೆಯವರ ನಷ್ಟವೇ ಹೆಚ್ಚಿನದು. ಆದರೆ ಮುಳ್ಳು ಯಾವ ವೇಗದಲ್ಲಿ, ಯಾವ ಹೊತ್ತಿನಲ್ಲಿ ಚಲಿಸುತ್ತದೆಂಬುದನ್ನು ಸಮಾಧಾನದಿಂದ ನೋಡಿದವನಿಗೆ ಸುಳ್ಳಾವುದು ನಿಜವಾವುದು ಎಂಬುದು ಬಹುಮಟ್ಟಿಗೆ ಗಾಡಿಯ ಮೇಲೆ ಕುಳಿತಂತೆಯೇ ತಿಳಿದುಬರುತ್ತದೆ.

ನೀರು ಮತ್ತು ಎರಕದ ಕಬ್ಬಿಣ ಇವೆರಡೂ ಬೇಗ ಕಾಯತಕ್ಕ ವಸ್ತುಗಳಲ್ಲ, ಬೇಗ ಆರತಕ್ಕವೂ ಅಲ್ಲ. ಹತ್ತು ಲೀಟರು ನೀರನ್ನು ಒಂದೇ ಸೆಕೆಂಡಿನಲ್ಲಿ ೨೦ ಡಿಗ್ರಿಯಷ್ಟು ಬಿಸಿಮಾಡಬೇಕಾದರೆ ಸಾವಿರ ಕುದುರೆಶಕ್ತಿಗೂ ಮೀರಿದ ಶಾಖವು ಬೇಕು. ೩೫ ಕುದುರೆಶಕ್ತಿಯ ಟ್ರ್ಯಾಕ್ಟರಿಗೆ ಅದೆಲ್ಲಿಂದ ಬರಬೇಕು? ಆದಕಾರಣ ಕಣ್ಣು ಮಿಟುಕಿಸುವಷ್ಟರಲ್ಲಿ ಮುಳ್ಳು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಹಾರಿ ಹಿಂದಿರುಗಿದರೆ ಹಾರಿದ್ದು ನೀರಿನ ಬಿಸಿಯಲ್ಲ, ವಿದ್ಯುತ್ತು. ಮುಳ್ಳು ನಿಮಿಷಗಳ ಲೆಕ್ಕದಲ್ಲಿ ನಿಧಾನವಾಗಿ ಏರಿದರೆ ಅಥವಾ ಇಳಿದರೆ ಅದನ್ನು ನಂಬತಕ್ಕದ್ದು. ಇದಕ್ಕೆ ಒಂದು ಅಪವಾದವುಂಟು; ಅದೇ ಎಲ್ಲಕ್ಕಿಂತ ಅಪಾಯಕರವಾದುದರಿಂದ ಮುಂದೆ ಅದನ್ನು ಪ್ರತ್ಯೇಕವಾಗಿ ಹೇಳಿದೆ.

ಹಳೆಯ ಗಾಡಿಗಳಲ್ಲಿ ಎರಡು ಬಗೆಯ ಮಾಪಕಗಳಿವೆ. ಮೊದಲನೆಯದಕ್ಕೆ ವಿದ್ಯುತ್ತು ಬೇಕಿಲ್ಲ. ಇಂಜಿನಿನ ನೀರಿನಲ್ಲಿ ಮುಳುಗಿರುವ ಒಂದು ಬುರುಡೆ, ಅದರಿಂದ ಮೀಟರಿನವರೆಗೆ ಹೋಗುವ ಅತಿ ಸಣ್ಣ ರಂಧ್ರದ ಲೋಹದ ನಳಿಗೆ, ಇವುಗಳೊಳಗೆ ಈಥರಿನಂತಹ ಬೇಗ ಆವಿಯಾಗುವ ದ್ರವ. ನೀರು ಕಾದಂತೆ ಆವಿಯ ಒತ್ತಡವು ಹೆಚ್ಚಿ ಮುಳ್ಳನ್ನು ತಿರುಗಿಸುತ್ತದೆ. ಎರಡನೆಯದರಲ್ಲಿ ನಳಿಗೆಯ ಬದಲು ಒಂಟಿ ತಂತಿಯಿರುತ್ತದೆ. ಮೆಕ್ಯಾನಿಕ್ಕುಗಳು ಸೆನ್ಸರು ಎಂದು ಕರೆಯುವ ಹಿತ್ತಾಳೆಯ ತಿರುಪು ಇಂಜಿನಿಗೆ ಬಿಗಿದಿರುವುದು. ಅದರೊಳಗಿನ ವಸ್ತುವಿನ ಗುಣವೇನೆಂದರೆ, ಬಿಸಿ ಹೆಚ್ಚಿದಂತೆಲ್ಲ ವಿದ್ಯುತ್ತಿಗೆ ಅದು ಒಡ್ಡುವ ತಡೆ ಕಡಿಮೆಯಾಗುವುದು. ಹೆಚ್ಚಾಗಿ ಓಲಾಡುವುದು ಈ ಎರಡನೆಯ ಬಗೆಯ ಮುಳ್ಳೇ.

ವಿದ್ಯುತ್ತಿನ ಮಾಪಕವನ್ನು ಪರೀಕ್ಷಿಸಲು ಉಪಕರಣಗಳೇನೂ ಬೇಕಾಗಿಲ್ಲ. ಇಂಜಿನು ತಣ್ಣಗಿರುವಾಗ ಕೀಲಿಯನ್ನು ಮಾತ್ರ ತಿರುಗಿಸಿ ಮುಳ್ಳನ್ನು ನೋಡಬೇಕು. ಬಳಿಕ ಮುಂದಿನ ದೀಪಗಳನ್ನು ಹೊತ್ತಿಸಿ ಮತ್ತೆ ನೋಡಬೇಕು. ದೀಪ ಹೊತ್ತಿದೊಡನೆ ಮುಳ್ಳು ಅಲುಗಿದರೆ ಅರ್ತ್ ತಂತಿಯ ಹಿಡಿತವು ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ ಎಂದು ತಿಳಿಯತಕ್ಕದ್ದು. ಬ್ಯಾಟರಿಯಿಂದ ಚಾಸಿಗೆ, ಚಾಸಿಯಿಂದ ಇಂಜಿನಿಗೆ, ಮೀಟರಿನ ಫಲಕದಿಂದ ಚಾಸಿಗೆ ಹೋಗುವ ಕೊಂಡಿಗಳನ್ನು ಬಿಚ್ಚಿ, ಲೋಹವು ಹೊಳೆಯುವಂತೆ ಉಜ್ಜಿ, ಮತ್ತೆ ಬಿಗಿದರೆ ಎಷ್ಟೋ ಮಾಪಕಗಳು ಅಂದೇ ಸರಿಯಾಗುವುವು. ಸೆನ್ಸರು ತನ್ನ ಮರೆಗಳ ಮೂಲಕವೇ ಇಂಜಿನಿನ ಕಬ್ಬಿಣಕ್ಕೆ ಅರ್ತ್ ಆಗುವುದರಿಂದ, ನೀರು ಸೋರಬಾರದೆಂದು ಅದರ ಮರೆಗೆ ಬಿಳಿಯ ಟೇಪನ್ನು ದಪ್ಪವಾಗಿ ಸುತ್ತುವ ವಾಡಿಕೆಯು ಒಳ್ಳೆಯದಲ್ಲ. ಸೋರಿಕೆ ನಿಲ್ಲುವುದು ನಿಜ. ಆದರೆ ಮುಳ್ಳು ಕೆಡುವುದು.

ಇದಾದ ಮೇಲೆ ಸೆನ್ಸರಿನ ತಂತಿಯನ್ನು ಕಳಚಿ ಯಾವುದಕ್ಕೂ ತಾಗದಂತೆ ಹಿಡಿಯಬೇಕು. ಬಹುಪಾಲು ಗಾಡಿಗಳಲ್ಲಿ ಮುಳ್ಳು ಆಗ ತಣ್ಣನೆಯ ಕೊನೆಗೆ ಬರುತ್ತದೆ. ತಂತಿಯ ತುದಿಯನ್ನು ಇಂಜಿನಿನ ಕಬ್ಬಿಣಕ್ಕೆ ಒಂದು ಕ್ಷಣ ತಾಗಿಸಿದರೆ ಬಿಸಿಯ ಕೊನೆಯ ಕಡೆಗೆ ಏರುತ್ತದೆ. ಒಂದೆರಡು ಸೆಕೆಂಡಿಗಿಂತ ಹೆಚ್ಚು ಕಾಲ ತಾಗಿಸಿಡಕೂಡದು. ಕೆಲವು ಮಾಪಕಗಳ ಸುರುಳಿ ಸುಟ್ಟುಹೋಗುವುದುಂಟು. ಮುಳ್ಳು ಹೀಗೆ ಹೇಳಿದಂತೆ ಕೇಳಿದರೆ ಮೀಟರೂ ತಂತಿಯೂ ಸರಿಯಾಗಿವೆ, ಸಂಶಯವು ಸೆನ್ಸರಿನ ಮೇಲೆ ಉಳಿಯುತ್ತದೆ. ಕೇಳದಿದ್ದರೆ ಸೆನ್ಸರನ್ನು ಕೊಳ್ಳುವುದು ವ್ಯರ್ಥ. ತಂತಿಯನ್ನು ಉದ್ದಕ್ಕೂ ಹುಡುಕಬೇಕು. ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇಲಿಗಳು ತಂತಿಯ ಹೊದಿಕೆಯನ್ನು ಕಡಿದಿರುವುದು ಅಪರೂಪವಲ್ಲ. ಅಂತಹ ಬರಿಯ ತಂತಿಯು ಗಾಡಿ ಕುಲುಕಿದಾಗಲೆಲ್ಲ ಕಬ್ಬಿಣಕ್ಕೆ ತಾಗಿ ಮುಳ್ಳನ್ನು ಕೆಂಪು ಗೆರೆಗೆ ಎಸೆಯುತ್ತದೆ. ಹೊಲದ ಬದುವನ್ನು ಹತ್ತಿಳಿಯುವಾಗ ಮಾತ್ರ ಮುಳ್ಳು ಹಾರುವುದಾದರೆ ಮೊದಲು ಇದನ್ನೇ ನೋಡತಕ್ಕದ್ದು.

ಉಷ್ಣಮಾಪಕದ ಜೊತೆಗೆ ಡೀಸೆಲ್ ಮಾಪಕವೂ ಅದೇ ಹೊತ್ತಿನಲ್ಲಿ ತಪ್ಪು ತೋರಿಸಿದರೆ ದೋಷವು ಇಬ್ಬರಿಗೂ ಸಾಮಾನ್ಯವಾದ ಸ್ಥಳದಲ್ಲಿರಬೇಕು. ೧೯೬೦ರ ದಶಕದ ಬ್ರಿಟಿಷ್ ವಿನ್ಯಾಸವನ್ನು ಅನುಸರಿಸಿದ ಅನೇಕ ವಾಹನಗಳಲ್ಲಿ ಮೀಟರಿನ ಫಲಕದ ಹಿಂದೆ ಒಂದು ಸಣ್ಣ ತಗಡಿನ ಪೆಟ್ಟಿಗೆಯಿರುತ್ತದೆ. ಬ್ಯಾಟರಿಯ ೧೨ ವೋಲ್ಟನ್ನು ಸರಾಸರಿ ೧೦ ವೋಲ್ಟಿಗೆ ಇಳಿಸಿ ಎರಡು ಮಾಪಕಗಳಿಗೂ ಕೊಡುವುದು ಅದರ ಕೆಲಸ. ಅದರ ಸಂಪರ್ಕಗಳು ಅಂಟಿಕೊಂಡರೆ ಟ್ಯಾಂಕಿನಲ್ಲಿ ಇಲ್ಲದ ಡೀಸೆಲೂ ಇಂಜಿನಿನಲ್ಲಿ ಇಲ್ಲದ ಬಿಸಿಯೂ ಒಟ್ಟಿಗೆ ಕಾಣಿಸಿಕೊಳ್ಳುವುವು.

ನಳಿಗೆಯ ಮಾಪಕದ ವಿಚಾರವು ಸುಲಭ. ನಳಿಗೆ ಎಲ್ಲಿಯಾದರೂ ತೂತಾದರೆ ಒಳಗಿನ ಆವಿ ಹೊರಟುಹೋಗಿ ಮುಳ್ಳು ತಣ್ಣನೆಯ ಕೊನೆಯಲ್ಲಿ ಮಲಗಿಬಿಡುತ್ತದೆ. ಅದನ್ನು ಬೆಸೆದು ಸರಿಪಡಿಸುವುದು ಹಳ್ಳಿಯ ಕುಲುಮೆಯಲ್ಲಿ ಆಗತಕ್ಕದ್ದಲ್ಲ. ಈಥರು ಬೇಗ ಹೊತ್ತಿಕೊಳ್ಳುವ ದ್ರವವಾದ್ದರಿಂದ ಪ್ರಯತ್ನಿಸಲೂ ಕೂಡದು. ಬುರುಡೆ, ನಳಿಗೆ, ಮೀಟರು ಮೂರನ್ನೂ ಒಟ್ಟಾಗಿ ಬದಲಾಯಿಸಬೇಕು.

ಇನ್ನು ನಿಧಾನವಾದ ಓಲಾಟ. ಮುಳ್ಳು ಕೆಲವು ನಿಮಿಷಗಳ ಕಾಲ ಏರುತ್ತ ಹೋಗಿ, ಆಮೇಲೆ ಬೇಗನೆ ಇಳಿದು, ಮತ್ತೆ ಏರತೊಡಗಿದರೆ ಥರ್ಮೋಸ್ಟಾಟ್ ವಾಲ್ವು ಅಂಟಂಟಾಗಿ ತೆರೆಯುತ್ತಿದೆಯೆಂದು ಊಹಿಸಬಹುದು. ಸಾಮಾನ್ಯವಾದ ವಾಲ್ವುಗಳು ಸುಮಾರು ೮೨ ಡಿಗ್ರಿ ಸೆಂಟಿಗ್ರೇಡಿನಲ್ಲಿ ತೆರೆಯಲಾರಂಭಿಸುತ್ತವೆ. ಅದರ ಮೇಲೆಯೇ ಕೆತ್ತಿರುವ ಅಂಕಿಯನ್ನು ನೋಡಿಕೊಳ್ಳುವುದು ಲೇಸು. ಅದನ್ನು ಬಿಚ್ಚಿ ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರನ್ನಿಟ್ಟು ಕಾಯಿಸಿದರೆ ಎಷ್ಟು ಡಿಗ್ರಿಗೆ ತೆರೆಯುತ್ತದೆಂಬುದು ಕಣ್ಣಿಗೇ ಕಾಣುವುದು. ಕೆಟ್ಟ ವಾಲ್ವನ್ನು ತೆಗೆದುಹಾಕಿ ಅದಿಲ್ಲದೆಯೇ ಗಾಡಿಯನ್ನು ಓಡಿಸುವ ಪದ್ಧತಿಯು ಬಹಳ ಕಡೆ ಬೆಳೆದಿದೆ. ಇದರಿಂದ ರಸ್ತೆಯಲ್ಲಿ ಇಂಜಿನು ತಣ್ಣಗೇ ಓಡಿ, ಡೀಸೆಲು ಪೂರ್ಣವಾಗಿ ಉರಿಯದೆ ಸಿಲಿಂಡರಿನ ಗೋಡೆಗಳು ಬೇಗ ಸವೆಯುವುವು. ಮುಳ್ಳು ಕೆಲಸದ ಭಾರವನ್ನನುಸರಿಸಿ ಮೇಲಕ್ಕೂ ಕೆಳಕ್ಕೂ ಅಲೆಯುತ್ತಲೇ ಇರುವುದು. ಒಂದು ವಾಲ್ವಿನ ಬೆಲೆಯನ್ನು ಉಳಿಸುವ ಈ ಮಾರ್ಗವು ಉಳಿತಾಯವೆನಿಸದು.

ನೀರನ್ನು ಹೊಸದಾಗಿ ತುಂಬಿದ ಮೇಲೆ ಓಲಾಟವು ಆರಂಭವಾಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ತಣ್ಣನೆಯ ಇಂಜಿನಿನಲ್ಲಿ ರೇಡಿಯೇಟರಿನ ಮುಚ್ಚಳವನ್ನು ತೆಗೆದಿಟ್ಟು, ವಾಲ್ವು ತೆರೆಯುವವರೆಗೆ ನಿಧಾನವಾಗಿ ಓಡಿಸಿ, ಮಟ್ಟ ಇಳಿದಷ್ಟು ನೀರನ್ನು ಸೇರಿಸಿದರೆ ಗಾಳಿಯು ಹೊರಬೀಳುವುದು. ಹಾಗೆ ಮಾಡಿದರೂ ಗುಳ್ಳೆಗಳು ನಿಲ್ಲದೆ ಏಳುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ಟು ಸುಟ್ಟು, ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿರಬಹುದು. ಆಯಿಲಿನ ಬಣ್ಣವು ಹಾಲು ಬೆರೆತ ಕಾಫಿಯಂತಾಗಿದ್ದರೆ ನೀರು ಆಯಿಲಿನೊಳಗೆ ಇಳಿದಿರುವುದು ನಿಶ್ಚಯ. ಆಗ ಗಾಡಿಯನ್ನು ಓಡಿಸದೆ ಮೆಕ್ಯಾನಿಕ್ಕನನ್ನು ಕರೆಸತಕ್ಕದ್ದು.

ಈಗ ಮೇಲೆ ಹೇಳಿದ ಅಪವಾದ. ಭಾರವಾದ ಉಳುಮೆಯಲ್ಲಿ ಮುಳ್ಳು ಕ್ರಮವಾಗಿ ಏರಿ ಕೆಂಪು ಗೆರೆಯ ಹತ್ತಿರ ನಿಂತಿದ್ದು, ಇದ್ದಕ್ಕಿದ್ದಂತೆ ತಣ್ಣನೆಯ ಕಡೆಗೆ ಇಳಿದರೆ ಚಾಲಕನಿಗೆ ಸಮಾಧಾನವಾಗುವುದು ಸಹಜ. ಆದರೆ ಅನೇಕ ವೇಳೆ ಇಂಜಿನು ಕೆಡುವುದು ಆ ಸಮಾಧಾನದ ಗಳಿಗೆಯಲ್ಲಿಯೇ. ಬುರುಡೆಯಾಗಲಿ ಸೆನ್ಸರಾಗಲಿ ಕಬ್ಬಿಣದ ಬಿಸಿಯನ್ನು ಅಳೆಯುವುದಿಲ್ಲ, ತನ್ನನ್ನು ಸುತ್ತಿರುವ ನೀರಿನ ಬಿಸಿಯನ್ನು ಅಳೆಯುತ್ತದೆ. ಕೊಳವೆ ಒಡೆದು ನೀರೆಲ್ಲ ಸೋರಿಹೋದರೆ ಅದು ಬರಿಯ ಗಾಳಿಯಲ್ಲಿ ನಿಲ್ಲುತ್ತದೆ. ಗಾಳಿಯು ನೀರಿನಂತೆ ಶಾಖವನ್ನು ಒಯ್ದು ಮುಟ್ಟಿಸಲಾರದು. ಹೆಡ್ಡು ಸುಡುತ್ತಿದ್ದರೂ ಮುಳ್ಳು ತಣ್ಣಗಿದೆ ಎನ್ನುತ್ತದೆ, ಇಲ್ಲವೆ ಏರುತ್ತ ಇಳಿಯುತ್ತ ಗೊಂದಲಗೊಳಿಸುತ್ತದೆ. ಆದ್ದರಿಂದ ದುಡಿಮೆ ಕಡಿಮೆಯಾಗದೆ ಮುಳ್ಳು ತಾನಾಗಿ ಇಳಿದರೆ ಕೂಡಲೇ ಗಾಡಿಯನ್ನು ನಿಲ್ಲಿಸಿ ಕೆಳಗಿಳಿದು ನೀರಿನ ಜಾಡು, ಆವಿ, ಸುಟ್ಟ ವಾಸನೆ ಇವುಗಳನ್ನು ನೋಡಬೇಕು. ನೀರು ಹೋಗಿದ್ದರೆ ಇಂಜಿನನ್ನು ತಕ್ಷಣ ಆರಿಸತಕ್ಕದ್ದು. ನೀರಿದ್ದು ಬರಿಯ ಕಾವು ಹೆಚ್ಚಿದ್ದರೆ ಭಾರವನ್ನು ಇಳಿಸಿ ಕೆಲವು ನಿಮಿಷ ಮೆಲ್ಲಗೆ ಓಡಿಸಿ ಬಳಿಕ ಆರಿಸಬಹುದು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ತೆರೆಯಕೂಡದು. ಚಿಮ್ಮುವ ಕುದಿನೀರು ಮುಖವನ್ನು ಸುಡುವುದು. ಕಾದ ಕಬ್ಬಿಣಕ್ಕೆ ತಣ್ಣೀರನ್ನು ಸುರಿದರೆ ಬ್ಲಾಕು ಬಿರಿಯುವುದುಂಟು. ಒಕ್ಕಣೆಯ ಕಾಲದಲ್ಲಿ ರೇಡಿಯೇಟರಿನ ಜಾಲರಿಗೆ ಹೊಟ್ಟು ತುಂಬಿಕೊಂಡಿದೆಯೇ, ಫ್ಯಾನ್ ಬೆಲ್ಟು ಸಡಿಲವಾಗಿದೆಯೇ ಎಂಬುದನ್ನು ಈ ಹೊತ್ತಿನಲ್ಲಿಯೇ ನೋಡಿಕೊಳ್ಳಬಹುದು.

ಮಾಪಕವು ತೋರಿಸುವ ಅಂಕಿಯು ಸರಿಯೇ ಎಂದು ನೋಡಲು ಕುದಿಯುವ ನೀರಿಗಿಂತ ಅಗ್ಗವಾದ ಸಾಧನವಿಲ್ಲ. ಆದರೆ ನೀರು ಎಲ್ಲ ಊರುಗಳಲ್ಲಿಯೂ ೧೦೦ ಡಿಗ್ರಿಗೆ ಕುದಿಯದು. ಸಮುದ್ರಮಟ್ಟದಿಂದ ಸುಮಾರು ೩೦೦ ಮೀಟರು ಏರಿದಂತೆಲ್ಲ ಒಂದು ಡಿಗ್ರಿಯಷ್ಟು ಕಡಿಮೆಯಾಗುವುದರಿಂದ, ಮಂಗಳೂರಿನ ಕರಾವಳಿಯಲ್ಲಿ ೧೦೦ ಡಿಗ್ರಿಯಾದರೆ ಬೆಂಗಳೂರಿನಲ್ಲಿ ಸುಮಾರು ೯೭, ಮಡಿಕೇರಿಯಲ್ಲಿ ಸುಮಾರು ೯೬. ಬಿಚ್ಚಿದ ಬುರುಡೆಯನ್ನು ಕುದಿಯುವ ನೀರಿನಲ್ಲಿ ಮುಳುಗಿಸಿ ಮುಳ್ಳು ಆ ಅಂಕಿಗೆ ಬರುವುದೇ ಎಂದು ನೋಡಬೇಕು. ವಿದ್ಯುತ್ತಿನ ಸೆನ್ಸರಾದರೆ ಅದರ ಹಿತ್ತಾಳೆಯ ಮೈಯಿಂದ ಚಾಸಿಗೆ ಬೇರೊಂದು ತಂತಿಯನ್ನು ಜೋಡಿಸದ ಹೊರತು ಈ ಪರೀಕ್ಷೆ ನಡೆಯದು. ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗು ಒಳಗಿನ ಒತ್ತಡವನ್ನು ಚದರ ಅಂಗುಲಕ್ಕೆ ೭ ಪೌಂಡಿನಷ್ಟು ಹಿಡಿದಿಟ್ಟರೆ ಕುದಿಯುವ ಬಿಂದುವು ಹತ್ತು ಹನ್ನೊಂದು ಡಿಗ್ರಿ ಮೇಲೇರುತ್ತದೆ. ಮುಚ್ಚಳದ ರಬ್ಬರು ಹಳತಾಗಿದ್ದರೆ ಆ ರಕ್ಷಣೆಯಿಲ್ಲ. ಆಗ ಕೊಡಗಿನ ತೋಟದಲ್ಲಿ ಮುಳ್ಳು ಕೆಂಪನ್ನು ಮುಟ್ಟುವ ಮೊದಲೇ ನೀರು ಕುದಿದು ಹೋಗಬಹುದು.

ದೂರದಿಂದಲೇ ಬಿಸಿಯನ್ನು ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರುಗಳೂ ಈಗ ದೊರೆಯುತ್ತವೆ. ೨೦೨೦ರಲ್ಲಿ ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಉಪಕರಣವು ಮೈಯ ಬಿಸಿಯ ಆಸುಪಾಸನ್ನು ಮಾತ್ರ ಅಳೆಯುವುದರಿಂದ ಇಲ್ಲಿ ಉಪಯೋಗಕ್ಕೆ ಬಾರದು. ಕಾರ್ಖಾನೆಗಳಲ್ಲಿ ಬಳಸುವ ಬಗೆಯದೇ ಆಗಬೇಕು. ಹೊಳೆಯುವ ಲೋಹಕ್ಕೆ ಗುರಿಯಿಟ್ಟರೆ ಅದು ನಿಜಕ್ಕಿಂತ ಕಡಿಮೆ ಬಿಸಿಯನ್ನು ತೋರಿಸುವುದರಿಂದ, ವಾಲ್ವಿನ ಗೂಡಿನ ಬಳಿ ಬಣ್ಣ ಬಳಿದಿರುವ ಭಾಗವನ್ನು ಆರಿಸಿಕೊಳ್ಳತಕ್ಕದ್ದು.

ಗಡಸು ನೀರಿನ ಕೊಳವೆಬಾವಿಗಳಿರುವ ಊರುಗಳಲ್ಲಿ ಬುರುಡೆಯ ಮೇಲೆಯೂ ಸುಣ್ಣದ ಪದರವು ಕೂಡಿ, ಮುಳ್ಳು ನಿಜವಾದ ಬಿಸಿಗಿಂತ ಹಿಂದುಳಿದು ಚಲಿಸುವುದು. ಶುದ್ಧವಾದ ನೀರಿಗೆ ಕೂಲೆಂಟನ್ನು ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಿ ತುಂಬುವುದು ಉತ್ತಮ. ಅದು ಸಿಗದಿದ್ದರೆ ಶೋಧಿಸಿದ ಮಳೆನೀರಾದರೂ ಆಗಬಹುದು. ದುರಸ್ತಿಯೆಲ್ಲ ಮುಗಿದು ಮಾಪಕವು ಸರಿಯೆಂದು ಗೊತ್ತಾದ ದಿನ, ಅರ್ಧ ಗಂಟೆ ಉಳುಮೆ ಮಾಡಿದ ಮೇಲೆ ಮುಳ್ಳು ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಗಾಜಿನ ಮೇಲೆ ಬಣ್ಣದ ಒಂದು ಚುಕ್ಕೆಯನ್ನಿಟ್ಟರೆ, ಆ ಗಾಡಿಯನ್ನು ಬೇರೆ ಯಾರು ನಡೆಸಿದರೂ ಅವರಿಗೆ ಅದರ ಸಹಜವಾದ ಬಿಸಿ ಯಾವುದೆಂಬುದು ಒಡನೆಯೇ ತಿಳಿಯುವುದು.